ವಸ್ತಿಗೆ ಬಂದ ಬಸ್ಸು

ಸ್ವಂತ ಊರು ಇರುವವರಿಗೆ ಅದರ ಸುಖ ಗೊತ್ತಿರುವುದಿಲ್ಲ. ‘ಯಾವ ಊರ್ರಿ ನಿಮ್ದು?’ ಎಂದು ಯಾರಾದರೂ ಕೇಳಿದರೆ ಅವರು ಥಟ್ಟನೆ ಅಂಕಲಿ ಎನ್ನುತ್ತಾರೆ, ಯಡೂರು ಎನ್ನುತ್ತಾರೆ, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ನನಗೆ ಆ ಭಾಗ್ಯವಿರಲಿಲ್ಲ. ಬೆಳಗಾವಿಯಲ್ಲಿ ಕೇಳಿದರೆ ನಿಪ್ಪಾಣಿ ಎನ್ನುತ್ತಿದ್ದೆ. ನಿಪ್ಪಾಣಿಯಲ್ಲಿ ಕೇಳಿದರೆ ಕೊಗನೊಳ್ಳಿ ಕಡೆ ಎನ್ನುತ್ತಿದ್ದೆ. ಕೊಗನೊಳ್ಳಿಯವರೇ ಕೇಳಿದಾಗ ಮಾತ್ರ ಕೈ ಎತ್ತಿ ಬಯಲು ತೋರಿಸಿ, ‘ಅಲ್ಲೆ, ಬೇವಿನ ಗಿಡ ಕಾಣತಾವಲ್ಲ, ಅದರ ಹಿಂದ’ ಎನ್ನಬೇಕಾಗುತ್ತಿತ್ತು. ಅಥಣಿ ಕಡೆಗೆ ಹೆಣ್ಣು ನೋಡಲು ಹೋದಾಗಲೂ ನಮ್ಮ ಹಿರಿಯರು ನಿಪ್ಪಾಣಿ ಎಂದೇ ಹೇಳಿದ್ದರು. ಮಗಳನ್ನು ಪೇಟೆಗೆ ಕೊಡುತ್ತಿದ್ದೇನೆ ಎಂದುಕೊಂಡು ಮಾವನವರು ಸಂತೋಷದಿಂದ ಒಪ್ಪಿದರು. ಮದುವೆಯಾಗಿ ಬಂದ ನನ್ನ ಹೆಂಡತಿ ಸುಮಿತ್ರಾ ಚಕ್ಕಡಿಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಮೈಲುಗಟ್ಟಲೆ ಕೂತು ಬಂದವಳು, ಮರುದಿನ ಬೆಳಿಗ್ಗೆ ಹಿತ್ತಲು, ಅಂಗಳ ಎಲ್ಲ ಸುತ್ತಾಡಿ ಬಂದು ನಮ್ಮವ್ವನನ್ನು ಕೇಳಿದಳಂತೆ, ‘ಅತ್ತೀ, ಪ್ಯಾಟಿ ಯಾ ಕಡೆ ಐತ್ರಿ?’ ಜಗಳವಾದಾಗ ಈಗಲೂ ಅದೇ ಪ್ರಶ್ನೆಯನ್ನು ನನಗೆ ಕೇಳುತ್ತಾಳೆ.

ನಮ್ಮದು ಊರಲ್ಲ. ಹೆದ್ದಾರಿಯಿಂದ ಮುಕ್ಕಾಲು ಮೈಲಿ ಒಳಗೆ, ಹೊಲಗಳ ನಡುವೆ ಇಪ್ಪತ್ತು ಮನೆ. ಎರಡು ಹಳ್ಳಿಗಳ ಗಡಿ ನಮ್ಮ ಮಧ್ಯದಲ್ಲೇ ಹಾದುಹೋಗಿತ್ತು. ನಮ್ಮ ಬಾವಿ ಒಂದು ಪಂಚಾಯಿತಿಗೆ ಸೇರಿತ್ತು, ಆ ಬಾವಿಯ ನೀರು ಕುಡಿಯುವ ಎಮ್ಮೆ ಇನ್ನೊಂದು ಪಂಚಾಯಿತಿಯಲ್ಲಿ ಕಟ್ಟಿರುತ್ತಿತ್ತು. ಚುನಾವಣೆ ಬಂದಾಗ ಎರಡೂ ಕಡೆಯವರು ನಮ್ಮನ್ನು ತಮ್ಮವರು ಎನ್ನುತ್ತಿದ್ದರು. ದಾರಿಗೆ ಒಂದು ಬುಟ್ಟಿ ಮುರುಮು ಹಾಕಿಸಿ ಎಂದರೆ ಇಬ್ಬರೂ ನಮ್ಮನ್ನು ಆಚೆಯವರಿಗೆ ಧಾರಾಳವಾಗಿ ಬಿಟ್ಟುಕೊಡುತ್ತಿದ್ದರು. ಹೆಸರಿನದೂ ಅದೇ ಕಥೆ. ಕನ್ನಡದವರು ‘ನಡುವಿನ ತ್ವಾಟ’ ಎನ್ನುತ್ತಿದ್ದರು, ಮರಾಠಿಯವರು ‘ಮಧಲಾ ಮಳಾ’ ಎನ್ನುತ್ತಿದ್ದರು. ಹಾಗೆ ನೋಡಿದರೆ ಇಲ್ಲಿ ಕನ್ನಡದವರು ಯಾರು, ಮರಾಠಿಯವರು ಯಾರು ಎಂದು ಹೇಳುವುದೂ ಕಷ್ಟ. ಎಲ್ಲರಿಗೂ ಎರಡೂ ಬರುತ್ತವೆ. ಜಗಳ ಮರಾಠಿಯಲ್ಲಿ ಆರಂಭವಾಗಿ ಕನ್ನಡದಲ್ಲಿ ರಾಜಿಯಾಗುತ್ತದೆ, ದನಗಳಿಗೆ ಬೈಗುಳ ಎರಡರಲ್ಲೂ ಬೀಳುತ್ತದೆ.

ಹೆಸರಿಲ್ಲದೆ, ದಾರಿಯಿಲ್ಲದೆ ನಾನು ನಲವತ್ತು ವರ್ಷ ಆರಾಮಾಗಿಯೇ ಇದ್ದೆ. ನಿಪ್ಪಾಣಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಿಕೆ. ಬೆಳಿಗ್ಗೆ ಹೊಟ್ಟೆ ತುಂಬ ರೊಟ್ಟಿ ತಿಂದು ಒಂಬತ್ತೂವರೆಗೆ ಸೈಕಲ್ ಹತ್ತಿದರೆ ಪ್ರಾರ್ಥನೆಯ ಕೊನೆಯ ಸಾಲಿಗೆ ಸರಿಯಾಗಿ ಸಾಲಿನಲ್ಲಿ ನಿಂತಿರುತ್ತಿದ್ದೆ. ಕಷ್ಟ ಬಂದದ್ದು ಮಗಳು ಪದ್ಮಾ ಏಳನೆಯ ಇಯತ್ತೆ ಪಾಸಾದಾಗ. ಪಕ್ಕದ ಹಳ್ಳಿಯ ಶಾಲೆ ಅಲ್ಲಿಗೆ ಮುಗಿಯಿತು. ಮುಂದೆ ಓದಬೇಕಾದರೆ ನಿಪ್ಪಾಣಿಗೇ ಬರಬೇಕು. ನಮ್ಮ ಇಪ್ಪತ್ತು ಮನೆಗಳಲ್ಲಿ ಅದುವರೆಗೆ ಒಬ್ಬ ಹುಡುಗಿಯೂ ಏಳನೆಯದನ್ನು ದಾಟಿರಲಿಲ್ಲ. ಪದ್ಮಾ ಓದುವುದರಲ್ಲಿ ಜಾಣೆ. ಮಾಸ್ತರನ ಮಗಳೇ ಮನೆಯಲ್ಲಿ ಕೂತರೆ ನಾನು ಯಾವ ಮುಖ ಇಟ್ಟುಕೊಂಡು ಬೇರೆಯವರ ಮಕ್ಕಳಿಗೆ ವಿದ್ಯೆಯ ಮಹತ್ವದ ಮೇಲೆ ಪ್ರಬಂಧ ಬರೆಸಲಿ? ಕಳಿಸಿಯೇ ತೀರಬೇಕು ಎಂದು ನಿಶ್ಚಯಿಸಿದೆ.

ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಒಂದು ಸಲ ಹಾಗೆ ಮಾಡಿದ್ದೆ. ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಲಾರಿ ಹಾರ್ನ್ ಹೊಡೆದ ಭರಕ್ಕೆ ನಾನು, ಸೈಕಲ್ಲು, ಪದ್ಮಾ ಮತ್ತು ಒಂಬತ್ತನೆಯ ಇಯತ್ತೆಯ ನಲವತ್ತು ಉತ್ತರ ಪತ್ರಿಕೆಗಳು ಒಟ್ಟಿಗೆ ಕಾಲುವೆಗೆ ಇಳಿದಿದ್ದೆವು. ಅವತ್ತಿನಿಂದ ನಮ್ಮವ್ವ ಆ ಸೈಕಲ್ಲಿನ ಕಡೆ ನೋಡಿದರೆ ಸಾಕು, ನನಗೇ ಭಯವಾಗುತ್ತಿತ್ತು. ನಡೆದು ಹೋಗಿ ಹೆದ್ದಾರಿಯಲ್ಲಿ ನಿಂತರೆ ಕೊಲ್ಹಾಪುರದ ಬಸ್ಸುಗಳು ಧೂಳು ಹಾರಿಸಿ ಹೋಗುತ್ತಿದ್ದವೇ ಹೊರತು ಒಂದೂ ನಿಲ್ಲುತ್ತಿರಲಿಲ್ಲ. ನಾನು ವಿಷಯ ಎತ್ತಿದಾಗ ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು.

‘ಹುಡುಗೀನ ಕಳಸಾಕ ನಂದೇನ ತಕರಾರಿಲ್ಲ’ ಎಂದಳು. ‘ಬಸ್ಸು ನಮ್ಮ ಮನಿ ಮುಂದ ಬಂದು ನಿಂದರ್ಲಿ, ಅವತ್ತ ನಾನs ಕೈ ಹಿಡದು ಹತ್ತಸ್ತೀನಿ. ಅಲ್ಲೀತನಕ ಆಕಿ ಹೊಸ್ತಿಲಾ ದಾಟಾಂಗಿಲ್ಲ.’

ಬಸ್ಸು ಎಂದೂ ಬರುವುದಿಲ್ಲ ಎಂಬ ಭರವಸೆಯಿಂದಲೇ ಅವಳು ಆ ಮಾತು ಆಡಿದ್ದು. ಮನೆ ಮುಂದೆ ಎಂದರೆ ಮನೆ ಮುಂದೆ, ಹೆದ್ದಾರಿಯಲ್ಲಿ ನಿಂತರೆ ಲೆಕ್ಕಕ್ಕಿಲ್ಲ. ಪದ್ಮಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವಳು ಅಳಲಿಲ್ಲ, ‘ಅಪ್ಪಾ, ಬಸ್ಸು ತರಾಕ ಯಾರ್ನ ಕೇಳ್ಬೇಕ?’ ಎಂದಳು. ಅರ್ಜಿ ಬರೆಯುತ್ತೇನೆ ಎಂದೆ. ಮಾಸ್ತರನ ಕೈಯಲ್ಲಿ ಬೇರೆ ಆಯುಧ ಏನಿರುತ್ತದೆ?

ಭಾನುವಾರ ಬೇವಿನ ಗಿಡದ ಕೆಳಗೆ ಸಭೆ ಕರೆದೆ. ಅರ್ಜಿ ಎಂದ ಮೇಲೆ ಬಸ್ಸು ಎಲ್ಲಿಗೆ ಬರಬೇಕು ಎಂದು ಬರೆಯಬೇಕಲ್ಲ. ಅಲ್ಲಿಗೆ ಬಸ್ಸಿನ ವಿಚಾರ ನಿಂತು ಹೆಸರಿನ ವಿಚಾರ ಶುರುವಾಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಮಾರುತಿ ಜಾಧವ ಕಾಕಾ ಮೊದಲು ಬಾಯಿ ಬಿಟ್ಟರು. ‘ಮಾಸ್ತರ, ಮಳಾ ಅಂತನs ಬರೀರಿ. ನಮ್ಮ ಅಜ್ಜಾ, ಪಣಜ್ಜಾ ಎಲ್ಲಾ ಮಳಾ ಅಂದಾರ.’ ನಮ್ಮ ಎದುರು ಹೊಲದ ಬಸಗೌಡ ಸುಮ್ಮನಿರುವ ಆಸಾಮಿಯಲ್ಲ. ‘ಕನ್ನಡ ಅರ್ಜ್ಯಾಗ ಮಳಾ ಅಂತ ಬರದ್ರ ಅವರು ಮಳಿ ಅಂತ ಓದಿ ಛತ್ರಿ ತಗೊಂಡ ಬಂದಾರು! ತ್ವಾಟ ಅಂತ ಬರೀರಿ’ ಎಂದ. ಕಾಕಾ ತಂಬಾಕು ಉಗುಳಿ, ‘ತ್ವಾಟ ಅಂದ್ರ ಬಸ್ಸಿನ್ಯಾಂವ ಇಲ್ಲಿ ಮಂದಿ ಇಲ್ಲ, ಬರೇ ಬದನಿಕಾಯಿ ಐತಿ ಅಂತ ತಿಳ್ಕೋತಾನ’ ಎಂದರು. ಎರಡು ತಾಸು ಹೀಗೇ ನಡೆಯಿತು. ಕೊನೆಗೆ ನಾನು ನಲವತ್ತು ವರ್ಷದ ಬುದ್ಧಿಯನ್ನೆಲ್ಲ ಒಟ್ಟುಗೂಡಿಸಿ, ಎರಡೂ ಬೇಡ, ‘ವಸ್ತಿ’ ಎಂದು ಬರೆಯುತ್ತೇನೆ ಎಂದೆ. ಹೊಲದಲ್ಲಿ ಹತ್ತಾರು ಮನೆ ಗುಂಪಾಗಿದ್ದರೆ ಮರಾಠಿಯಲ್ಲಿ ವಸ್ತಿ ಎನ್ನುತ್ತಾರೆ. ಕನ್ನಡದವರ ಕಿವಿಗೂ ಅದು ವಸತಿಯ ಹಾಗೆ ಕೇಳಿಸುತ್ತದೆ, ಯಾರಿಗೂ ನೋವಾಗುವುದಿಲ್ಲ. ಎಲ್ಲರೂ ತಲೆ ಅಲ್ಲಾಡಿಸಿದರು. ಗಡಿ ಭಾಗದ ಭಾಷಾ ತಂಟೆಯನ್ನು ಒಂದೇ ಶಬ್ದದಲ್ಲಿ ಬಗೆಹರಿಸಿದೆ ಎಂದು ನಾನು ಎರಡು ದಿನ ಯಾರ ಜೊತೆಯೂ ಸಣ್ಣ ಮಾತು ಆಡಲಿಲ್ಲ.

ಅರ್ಜಿಯನ್ನು ಸುಂದರವಾಗಿ ಬರೆದೆ. ‘ನಮ್ಮ ವಸ್ತಿಗೆ ಒಂದು ಬಸ್ಸನ್ನು ಬಿಟ್ಟು, ಬೆಳಗಿನ ವೇಳೆ ನಿಪ್ಪಾಣಿಗೆ ತೆರಳಲು ಅನುಕೂಲ ಮಾಡಿಕೊಡಬೇಕೆಂದು ಸವಿನಯ ಪ್ರಾರ್ಥನೆ.’ ಎಷ್ಟು ಗಂಟೆಗೆ ಎಂದು ಬರೆಯಲಿಲ್ಲ. ಸರಕಾರಿ ಪತ್ರದಲ್ಲಿ ಗಡಿಯಾರ ನುಗ್ಗಿಸುವುದು ಸಾಹಿತ್ಯಕ್ಕೆ ಒಪ್ಪುವುದಿಲ್ಲ ಎಂದು ನನಗೆ ಅನಿಸಿತ್ತು. ನಿಪ್ಪಾಣಿಯ ಬಸ್ ಡಿಪೋಕ್ಕೆ ಒಯ್ದು ಕೊಟ್ಟೆ. ವಾರ ಬಿಟ್ಟು ಹೋದೆ, ನೋಡೋಣ ಎಂದರು. ಮತ್ತೆ ಹೋದೆ, ಸಾಹೇಬರು ಊಟಕ್ಕೆ ಹೋಗಿದ್ದರು. ಮತ್ತೆ ಹೋದೆ, ಊಟ ಮಾಡಿ ಬಂದು ಬೇರೆ ಕೆಲಸಕ್ಕೆ ಹೋಗಿದ್ದರು. ಜೂನ್ ತಿಂಗಳು ಹತ್ತಿರ ಬರುತ್ತಿತ್ತು, ಪದ್ಮಾ ದಿನಾ ಸಂಜೆ ನನ್ನ ಮುಖ ನೋಡುತ್ತಿದ್ದಳು. ಆರನೆಯ ಸಲ ನಾನು ಮನೆಯಿಂದ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಸಾಹೇಬರ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅವರು ಗದಗ ಕಡೆಯವರು, ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು, ಒಳ್ಳೆಯ ಮನುಷ್ಯ. ಕರೆದು ಕೂರಿಸಿ ಅರ್ಜಿ ಓದಿದರು.

‘ವಸ್ತಿಗೇ ಬೇಕೇನ್ರಿ ಮಾಸ್ತರ? ಬ್ಯಾರೆ ಟೈಮಿಗೆ ಆಗೂದಿಲ್ಲೇನ?’

‘ವಸ್ತಿಗೇ ಬೇಕ್ರಿ ಸಾಹೇಬ್ರ. ಮನಿ ಮುಂದ ಬಂದು ನಿಂದರ್ಬೇಕು. ಹೈವೇ ಮ್ಯಾಲ ನಿಂತ್ರ ನಮ್ಮವ್ವ ಒಪ್ಪಾಂಗಿಲ್ರಿ.’

‘ನಮ್ಮ ಡ್ರೈವರ್ ಕಂಡಕ್ಟರ್‌ನ ಚಂದಂಗ ನೋಡ್ಕೋತೀರಿಲ್ಲೋ?’

‘ಮನಿ ಮಂದಿಹಂಗ ನೋಡ್ಕೋತೀವ್ರಿ’ ಎಂದೆ. ಒಂದು ನಿಮಿಷ ನಿಂತು ಹೋಗುವ ಬಸ್ಸಿನವರಿಗೆ ಒಂದು ಚರಿಗೆ ಮಜ್ಜಿಗೆ ಕೊಟ್ಟರಾಯಿತು ಎಂದು ನನ್ನ ಎಣಿಕೆ.

‘ಭಾಳ ಊರವರು ವಸ್ತಿ ಅಂದ್ರ ಬ್ಯಾಡ ಅಂತಾರ. ನೀವು ಭಾರೀ ಜಿದ್ದಿನವರು ಬಿಡ್ರಿ’ ಎಂದು ಸಾಹೇಬರು ಅಲ್ಲೇ ಸಹಿ ಮಾಡಿದರು. ನಾನು ಸೈಕಲ್ಲಿನ ಮೇಲೆ ಹಾಡುತ್ತ ಬಂದೆ. ದಾರಿಯಲ್ಲಿ ಆ ಕಾಲುವೆ ಬಂದಾಗ ಮಾತ್ರ ಇಳಿದು ತಳ್ಳಿಕೊಂಡು ದಾಟಿದೆ.

ಹತ್ತು ದಿನಕ್ಕೆ ಆದೇಶದ ಕಾಗದ ಬಂತು. ಬೇವಿನ ಗಿಡದ ಕೆಳಗೆ ನಿಂತು ಗಟ್ಟಿಯಾಗಿ ಓದತೊಡಗಿದವನು ಮೂರನೆಯ ಸಾಲಿಗೆ ದನಿ ತಗ್ಗಿಸಿದೆ. ನಿಮ್ಮ ಕೋರಿಕೆಯಂತೆ ವಸ್ತಿ ಬಸ್ಸು ಮಂಜೂರಾಗಿದೆ. ಸಂಜೆ ಏಳೂವರೆಗೆ ಅರ್ಜಿದಾರರ ಮನೆಯ ಮುಂದೆ ಬಂದು ಅಲ್ಲೇ ತಂಗಿ, ಬೆಳಿಗ್ಗೆ ಆರಕ್ಕೆ ಹೊರಡುವುದು. ಸಿಬ್ಬಂದಿಯ ಊಟ ಮತ್ತು ಮಲಗುವ ವ್ಯವಸ್ಥೆಯನ್ನು, ಬಸ್ಸು ತಿರುಗಿಸಲು ಜಾಗವನ್ನು ಗ್ರಾಮಸ್ಥರು ಮಾಡತಕ್ಕದ್ದು. ಬಸ್ಸಿನವರ ಬಾಯಲ್ಲಿ ವಸ್ತಿ ಎಂದರೆ ಒಂದೇ ಅರ್ಥ, ರಾತ್ರಿ ತಂಗುವುದು. ಇದು ನಮ್ಮ ಮಂದಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೆ ಬೇವಿನ ಗಿಡದ ಕೆಳಗೆ ಕೂತಾಗ ಮರಾಠಿ, ಕನ್ನಡ ಎರಡರ ಮರ್ಯಾದೆ ಕಾಯುವ ಗಡಿಬಿಡಿಯಲ್ಲಿ ಡಿಪೋದವರದೂ ಒಂದು ಭಾಷೆ ಇದೆ ಎಂಬುದು ಇಪ್ಪತ್ತು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹುಡುಗರ ಪತ್ರಲೇಖನದಲ್ಲಿ ಶಬ್ದದ ಅರ್ಥ ಸ್ವಲ್ಪ ಜಾರಿದರೂ ಕೆಂಪು ಶಾಯಿಯಿಂದ ಸುತ್ತು ಹಾಕಿ ಎರಡು ಅಂಕ ಕಳೆಯುವವನು ನಾನು.

‘ನೀವ ಕನ್ನಡಾ ಕಲಸ್ತೀರೆಲ್ರಿ ಮಾಸ್ತರ?’ ಎಂದು ಬಸಗೌಡ ಬಹಳ ವಿನಯದಿಂದ ಕೇಳಿದ. ಮರುದಿನವೇ ಡಿಪೋಕ್ಕೆ ಓಡಿ ತಪ್ಪು ಒಪ್ಪಿಕೊಂಡು ಬದಲಿಸಿಕೊಂಡು ಬರುತ್ತೇನೆ ಎಂದೆ. ಅಷ್ಟರಲ್ಲಿ ಪದ್ಮಾ ಕಾಗದ ಇಸಿದುಕೊಂಡು ಓದಿದಳು. ‘ಅಪ್ಪಾ, ಮನಿ ಮುಂದs ಬರತೈತಿ ಅಂತ ಬರದಾರಲ್ಲ?’ ಎಂದಳು. ಅವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ನನಗೆ ಆಗ ಬೆಳಕಾಯಿತು. ಬದಲಿಸಲು ಹೋದರೆ ಬಸ್ಸು ಹೆದ್ದಾರಿಗೆ ಹೋದೀತು, ಇಲ್ಲವೇ ಇನ್ನೊಂದು ಊರಿಗೇ ಹೋದೀತು. ತಪ್ಪೋ ಒಪ್ಪೋ, ಬಂದದ್ದನ್ನು ಬಿಡಬಾರದು. ಇದೇ ಬಸ್ಸು ಬೇಕು ಎಂದು ಕಾಗದ ಮಡಚಿ ಜೇಬಿಗೆ ಹಾಕಿದೆ.

ಆಮೇಲೆ ನಮ್ಮ ಮಂದಿಯ ಹಟ ನೋಡಬೇಕಿತ್ತು. ನಲವತ್ತು ವರ್ಷ ಎರಡು ಪಂಚಾಯಿತಿಗಳನ್ನು ಬೇಡಿ ಆಗದ ದಾರಿಯನ್ನು ಎಂಟು ದಿನದಲ್ಲಿ ಮಾಡಿದರು. ಮನೆಗೊಬ್ಬರಂತೆ ಗುದ್ದಲಿ, ಸಲಿಕೆ ಹಿಡಿದು ಬಂದರು. ಚಕ್ಕಡಿಗಳಲ್ಲಿ ಮುರುಮು ಹೇರಿ ತಂದರು. ಬಸ್ಸು ತಿರುಗಿಸಲು ಜಾಗ ಎಲ್ಲಿ ಎಂದಾಗ ಬಸಗೌಡ ನಮ್ಮ ಮನೆ ಎದುರಿನ ತನ್ನ ಹೊಲದ ಮೂಲೆ ತೋರಿಸಿ, ‘ಈ ಸಲ ಶೇಂಗಾ ಬಿತ್ತಂಗಿಲ್ಲ, ಬಸ್ಸು ಬಿತ್ತತೀನಿ’ ಎಂದ. ನಾನೂ ಒಂದು ದಿನ ಗುದ್ದಲಿ ಹಿಡಿದೆ. ಅರ್ಧ ತಾಸಿನ ಮೇಲೆ ಜಾಧವ ಕಾಕಾ ನನ್ನ ಕೈಯಿಂದ ಅದನ್ನು ಮೆಲ್ಲಗೆ ಇಸಿದುಕೊಂಡು, ‘ಮಾಸ್ತರ, ನೀವು ನೆಳ್ಳಾಗ ಕುಂತು ಎಷ್ಟ ಚಕ್ಕಡಿ ಬಂದೂವು ಬರಕೋರಿ’ ಎಂದರು. ಬರೆದುಕೊಳ್ಳುವುದರಲ್ಲೂ ಎರಡು ಚಕ್ಕಡಿ ತಪ್ಪಿಸಿದೆನಂತೆ.

ಬಸ್ಸು ಬಂತು. ಹೇಳಿದ ಹೊತ್ತಿಗೆ, ದೀಪ ಹಾಕಿಕೊಂಡು, ನಮ್ಮ ಕಟ್ಟೆಯಿಂದ ಹತ್ತು ಹೆಜ್ಜೆಗೆ ಬಂದು ನಿಂತಿತು. ಇಪ್ಪತ್ತು ಮನೆಯ ಮಂದಿ ಸುತ್ತು ನಿಂತು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಡ್ರೈವರ್ ಶಿವಪ್ಪ ಕಂಡಕ್ಟರನ ಜೊತೆ ಇಳಿದು ಕೈಕಾಲು ತೊಳೆದು ಊಟಕ್ಕೆ ಬಂದ. ಅಲ್ಲಿ ಹೊಸ ಫಜೀತಿ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತುವುದಿಲ್ಲ, ಊಟವಿಲ್ಲ. ಅವ್ವ ಹೊತ್ತು ಮುಳುಗುವ ಮೊದಲೇ ಮಾಡಿ ಮುಚ್ಚಿಟ್ಟಿದ್ದ ರೊಟ್ಟಿಯ ಬುಟ್ಟಿ ತಂದಿಟ್ಟು, ‘ನಾಳಿಂದ ಹೊತ್ತ ಮುಳುಗೂದರಾಗ ಬಂದಬಿಡ್ರಪಾ’ ಎಂದಳು. ‘ಯವ್ವಾ, ಟೈಮ್ ಟೇಬಲ್ ನನ್ನ ಕೈಯಾಗಿಲ್ಲಬೇ’ ಎಂದ ಶಿವಪ್ಪ. ಅವ್ವ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು, ಊಟ ಜಾಧವರ ಮನೆಯಲ್ಲಿ ಬಿಸಿ ಬಿಸಿ, ಮಲಗುವುದು ನಮ್ಮ ಕಟ್ಟೆಯ ಮೇಲೆ, ಬೆಳಗಿನ ಚಹಾ ಬಸಗೌಡನ ಮನೆಯಲ್ಲಿ. ಹೀಗೆ ಒಂದು ಬಸ್ಸನ್ನು ಮೂರು ಮನೆಯವರು ಸಾಕತೊಡಗಿದೆವು.

ಮರುದಿನ ನಸುಕಿನಲ್ಲಿ ಅವ್ವ ಎದ್ದು ಮಿಂದು, ಪದ್ಮಾಳ ಜಡೆ ಹೆಣೆದು, ಬುತ್ತಿ ಕಟ್ಟಿದಳು. ಏನಾದರೂ ನೆಪ ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಹೇಳಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು ಬಸ್ಸಿನ ತನಕ ಬಂದು, ಮೆಟ್ಟಿಲು ಹತ್ತಿಸಿ, ಕಿಟಕಿಯ ಹತ್ತಿರ ಕೂರಿಸಿ ಇಳಿದಳು. ಕಣ್ಣು ಒದ್ದೆಯಾಗಿತ್ತು. ಆಡಿದ ಮಾತಿಗೆ ಕಟ್ಟುಬಿದ್ದ ಆ ಮುದುಕಿಯ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ. ಶಿವಪ್ಪ ಇಂಜಿನ್ ಚಾಲೂ ಮಾಡಿದ ಮೇಲೆ ಅವಳು ನನ್ನ ಕಡೆ ತಿರುಗಿ, ‘ಹುಡುಗಿ ಒಬ್ಬಾಕೀನs ಹೊಂಟಾಳ. ನೀ ಯಾಕ ಇಲ್ಲಿ ನಿಂತೀಯೋ? ಹತ್ತು!’ ಎಂದಳು.

ನನ್ನ ಕಷ್ಟ ಶುರುವಾದದ್ದು ಅಲ್ಲಿಂದ. ಒಂಬತ್ತೂವರೆಯ ಸೈಕಲ್ ಸವಾರ ಆರು ಗಂಟೆಯ ಪ್ರಯಾಣಿಕನಾದೆ. ಆರೂವರೆಗೆ ನಿಪ್ಪಾಣಿ ಮುಟ್ಟಿದರೆ ಶಾಲೆಯ ಗೇಟು ತೆಗೆದಿರುತ್ತಿರಲಿಲ್ಲ. ನಾಲ್ಕನೆಯ ದಿನ ಹೆಡ್‌ಮಾಸ್ತರರು ನನ್ನನ್ನು ಗೇಟಿನ ಹೊರಗೆ ತೂಕಡಿಸುತ್ತಿರುವಾಗ ಕಂಡರು. ಕನಿಕರಪಟ್ಟು ಗೇಟಿನ ಕೀಲಿ ನನ್ನ ಕೈಗೆ ಕೊಟ್ಟರು. ಒಂದು ವಾರದ ಮೇಲೆ ಇನ್ನೂ ಕನಿಕರಪಟ್ಟು, ಹೇಗೂ ಇರುತ್ತೀರಲ್ಲ ಎಂದು ನಪಾಸಾದವರ ಬೆಳಗಿನ ವರ್ಗವನ್ನೂ ಕೊಟ್ಟರು. ಬಸ್ಸಿನಲ್ಲಿ ನಾನು ಕೂತ ತಕ್ಷಣ ಕಣ್ಣು ಮುಚ್ಚುತ್ತಿದ್ದೆ. ತಂಬಾಕಿನ ವಖಾರಿಗೆ ದಿನಾ ಮೂರು ಮೈಲಿ ನಡೆದು ಹೋಗುತ್ತಿದ್ದ ನಮ್ಮ ಹೆಂಗಸರು ಈಗ ಬಸ್ಸು ಹತ್ತುತ್ತಾರೆ ಎಂಬುದು ಅವರ ಮಾತಿನ ಗದ್ದಲದಿಂದ ನಿದ್ದೆಯಲ್ಲೇ ಗೊತ್ತಾಗುತ್ತಿತ್ತು. ಕೆಲವರ ಜೊತೆ ಮಕ್ಕಳೂ ಇರುತ್ತಿದ್ದರು. ಯಾರು, ಎಷ್ಟು ಮಂದಿ ಎಂದು ಕಣ್ಣು ತೆರೆದು ನೋಡುವ ಶಕ್ತಿ ನನಗಿರಲಿಲ್ಲ.

ಮಾರನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ತಾಳ್ಮೆಯೂ ಮುಗಿಯಿತು. ಇನ್ನೊಂದು ಅರ್ಜಿ ಹಾಕಿ ಆರನ್ನು ಒಂಬತ್ತು ಮಾಡಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟೆ. ನಾನು ಪೆನ್ನು ತೆಗೆಯುವುದನ್ನು ಕಂಡು ಸುಮಿತ್ರಾ, ‘ನೀವು ಬರೀಬ್ಯಾಡ್ರಿ ಮಾರಾಯ್ರ, ಈ ಸಲ ವಿಮಾನ ಬಂದೀತು’ ಎಂದಳು. ಸರಿ, ಪದ್ಮಾಳನ್ನು ಕರೆದೆ. ಒಂಬತ್ತನೆಯ ಇಯತ್ತೆ, ಅಕ್ಷರ ಮುತ್ತಿನ ಹಾಗೆ. ‘ಬಸ್ಸಿನ ಟೈಮಿನ ಬಗ್ಗೆ ಒಂದು ಅರ್ಜಿ ಬರಿಯವ್ವಾ. ಆರು ಗಂಟೆ ಮಂದಿಗೆ ಭಾಳ ತ್ರಾಸ ಆಗೇತಿ, ಒಂಬತ್ತು ಮಾಡ್ರಿ ಅಂತ’ ಎಂದೆ.

‘ಯಾ ಮಂದಿಗೆ ಅಪ್ಪಾ?’

‘ಎಲ್ಲಾರಿಗೂ.’

‘ಎಲ್ಲಾರ್ನೂ ಕೇಳೇ ಬರೀಲೇನು?’

‘ಕೇಳೇ ಬರಿ. ಸಹೀನೂ ಹಾಕಿಸ್ಕೊಂಡ ಬಾ’ ಎಂದು ಹೇಳಿ ಮಲಗಿದೆ. ಭಾನುವಾರವಾಗಿತ್ತು, ಮಧ್ಯಾಹ್ನ ಮಲಗುವ ಅವಕಾಶ ಸಿಗುವುದು ಅದೊಂದೇ ದಿನ. ಎಬ್ಬಿಸಿದಾಗ ಎರಡು ಹಾಳೆ ತುಂಬ ಅಕ್ಷರ, ಕೆಳಗೆ ಸಾಲು ಸಾಲು ಸಹಿ, ಹೆಬ್ಬೆರಳಿನ ಗುರುತು. ಎಲ್ಲಕ್ಕಿಂತ ಮೇಲೆ ನನಗೆಂದು ಜಾಗ ಬಿಟ್ಟಿದ್ದಳು. ಒಂದೇ ಒಂದು ಕಡೆ ಚಿತ್ತಿಲ್ಲ, ಕಾಟಿಲ್ಲ. ಆ ಅಂದ ನೋಡಿಯೇ ನನ್ನ ಕಣ್ಣು ತುಂಬಿತು, ಓದುವ ಗೋಜಿಗೆ ಹೋಗದೆ ಸಹಿ ಮಾಡಿದೆ. ಮರುದಿನ ಅರ್ಧ ದಿನದ ರಜೆ ಹಾಕಿ ಡಿಪೋಕ್ಕೆ ಹೋಗಿ ಸಾಹೇಬರ ಎದುರು ಕೂತೆ. ‘ನನ್ನ ಮಗಳು ಬರದಾಳ್ರಿ’ ಎಂದೆ. ಅವರು ಕನ್ನಡಕ ಏರಿಸಿಕೊಂಡು ಮೆಚ್ಚುಗೆಯಿಂದ ಗಟ್ಟಿಯಾಗಿಯೇ ಓದತೊಡಗಿದರು.

‘ನಮ್ಮ ಬಸ್ಸು ಬೆಳಿಗ್ಗೆ ಆರು ಗಂಟೆಗೆ ಹೊರಡುವುದೇ ನಮಗೆ ಅನುಕೂಲ. ನಮ್ಮಲ್ಲಿಯ ಹೆಂಗಸರು ಏಳು ಗಂಟೆಗೆ ವಖಾರಿಯ ಕೆಲಸಕ್ಕೆ ಹಾಜರಿರಬೇಕು. ಅವರ ಹೆಣ್ಣುಮಕ್ಕಳು ನಾಲ್ಕು ಮಂದಿ ಈ ವರ್ಷ ತಾಯಂದಿರ ಜೊತೆಯಲ್ಲೇ ಬಂದು ಹೈಸ್ಕೂಲು ಸೇರಿದ್ದಾರೆ. ಬಸ್ಸು ಒಂಬತ್ತಕ್ಕೆ ಹೊರಟರೆ ತಾಯಂದಿರು ಮತ್ತೆ ನಡೆದು ಹೋಗಬೇಕಾಗುತ್ತದೆ, ಜೊತೆ ಇಲ್ಲವೆಂದು ಹುಡುಗಿಯರನ್ನು ಮನೆಯಲ್ಲಿ ಕೂರಿಸುತ್ತಾರೆ. ಆದುದರಿಂದ ವೇಳೆ ಬದಲಿಸಬೇಕೆಂದು ಯಾರಾದರೂ ಬಂದು ಕೇಳಿದರೆ, ಅವರು ಎಷ್ಟೇ ದೊಡ್ಡವರಾಗಿದ್ದರೂ, ದಯವಿಟ್ಟು ಬದಲಿಸಬಾರದೆಂದು ಸವಿನಯ ಪ್ರಾರ್ಥನೆ.’

ಕೆಳಗೆ ಮೊದಲ ಸಹಿ ನನ್ನದು. ಅದರ ಪಕ್ಕದಲ್ಲೇ ನಮ್ಮವ್ವನ ಹೆಬ್ಬೆರಳು. ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ಟೈಮ್ ಬದಲಸ್ರಿ ಅಂತ ಯಾರೂ ಕೇಳೇ ಇಲ್ಲಲ್ರಿ ಮಾಸ್ತರ?’

ಹುಡುಕಿದರೂ ಅರ್ಜಿಯಲ್ಲಿ ಕೆಂಪು ಶಾಯಿಯ ಸುತ್ತು ಹಾಕುವಂಥ ಒಂದು ತಪ್ಪೂ ಇರಲಿಲ್ಲ.

‘ಇನ್ನs ಕೇಳಿಲ್ರಿ’ ಎಂದೆ. ‘ಆದ್ರ ಅಂಥಾ ಮನಶ್ಯಾ ಒಬ್ಬಾಂವ ಅದಾನ್ರಿ. ಅಂವ ಬಂದ್ರ ಒಟ್ಟ ಒಪ್ಪಬ್ಯಾಡ್ರಿ ಅಂತ ಹೇಳಿ ಹೋಗಾಕ ಬಂದಿದ್ದೆ.’